ಆರರಿಂದ ಇಪ್ಪತ್ತರವರೆಗೆ

ಗೋಡೆಗೆ ಅಂಟಿಸಿದ ಆ ಪಟ್ಟಿಯಲ್ಲಿ ಅಂಕಿಗಳು ಆರರಿಂದ ಶುರುವಾಗಿ ಇಪ್ಪತ್ತಕ್ಕೆ ಮುಗಿಯುತ್ತಿದ್ದವು. ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ಓದಿದೆ. ಒಂದರಿಂದ ಐದು ಎಲ್ಲೂ ಇರಲಿಲ್ಲ.

ನನ್ನ ಹೃದಯಕ್ಕೆ ಬೈಪಾಸ್ ಆಪರೇಷನ್ ಆಗಿ ಆಗ ಆರು ವಾರ. ಬಾಗಲಕೋಟೆಯ ನವನಗರದ ದವಾಖಾನೆಯ ಕೆಳಮಹಡಿಯಲ್ಲಿ, ಆಪರೇಷನ್ ಆದವರಿಗೆ ವ್ಯಾಯಾಮ ಮಾಡಿಸುವ ಕೋಣೆಯಲ್ಲಿ ಕುಳಿತಿದ್ದೆ. ಎರಡು ಟ್ರೆಡ್‌ಮಿಲ್, ಎಷ್ಟು ತುಳಿದರೂ ಎಲ್ಲಿಗೂ ಹೋಗದ ಎರಡು ಸೈಕಲ್, ಒಂದು ಮಂಚ, ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿಗಳು. ಎದೆಯ ನಡುವಿನ ಹೊಲಿಗೆ ಕುಪ್ಪಸದೊಳಗೆ ತುರಿಸುತ್ತಿತ್ತು. ಹೆದರಿಕೆಯಂತೂ ಬೇಕಾದಷ್ಟಿತ್ತು. ಆದರೆ ಆ ಐದು ಅಂಕಿಗಳು ಎಲ್ಲಿ ಹೋದವು ಎಂಬ ಪ್ರಶ್ನೆ ಹೆದರಿಕೆಯನ್ನು ಹಿಂದೆ ತಳ್ಳಿ ಮುಂದೆ ಬಂದು ನಿಂತಿತು. ನನ್ನ ಹುಟ್ಟುಗುಣ ಅದು. ಸಾಲಿಯಲ್ಲಿ ಮಾಸ್ತರರಿಂದ ಬೈಸಿಕೊಂಡಿದ್ದೂ ಅದಕ್ಕೇ.

"ಮೇಡಂ, ಒಂದರಿಂದ ಐದು ಎಲ್ಲಿ ಹೋದುವ್ರಿ?"

ವ್ಯಾಯಾಮ ಮಾಡಿಸುವ ನಾಜಿಯಾ ಮೇಡಂ ನನ್ನ ಕಡೆ ತಿರುಗಿ ನೋಡಿದರು. ಬಾದಾಮಿಯವರು, ಇನ್ನೂ ಮೂವತ್ತು ದಾಟಿರಲಿಕ್ಕಿಲ್ಲ. "ಇಷ್ಟ ವರ್ಷಾತು, ಇದನ್ನ ಯಾರೂ ಕೇಳಿಲ್ ನೋಡ್ರಿ ಅವ್ವಾರ" ಎಂದು ನಕ್ಕರು. "ಇದು ದಣಿವಿನ ಪಟ್ಟಿ. ಆರು ಅಂದ್ರ ಸುಮ್ಮನ ಕುಂತಂಗ. ಇಪ್ಪತ್ತು ಅಂದ್ರ ಇನ್ನೊಂದ ಹೆಜ್ಜಿ ಇಡಾಕೂ ಆಗೂದಿಲ್ಲ ಅನ್ನೂವಷ್ಟು. ಅಂಕಿ ಮುಂದ ಒಂದು ಸೊನ್ನಿ ಹಚ್ಚಿ ನೋಡ್ರಿ. ಅರವತ್ತು. ಹರೇದವರು ಸುಮ್ಮನ ಕುಂತಾಗ ನಾಡಿ ಹೆಚ್ಚು ಕಡಿಮಿ ಅಷ್ಟ ಬಡಿತೈತಿ. ಅದಕ್ಕ ಆರರಿಂದ ಹಿಡದಾರ."

ನನಗೆ ಭಾಳ ಸಂತೋಷವಾಯಿತು. ಯಾರೋ ಎಲ್ಲೋ ಕುಳಿತು ಮನುಷ್ಯರ ದಣಿವನ್ನು ಅಳೆಯಲು ಹೊರಟಿದ್ದರಲ್ಲ, ಎಂಥ ಕೆಲಸ!

"ನಡಿಯೂವಾಗ ನಾ ನಡನಡುವ 'ಎಷ್ಟು' ಅಂತ ಕೇಳ್ತೇನಿ. ನೀವು ಒಂದು ಅಂಕಿ ಹೇಳಬೇಕು. ಹನ್ನೊಂದರಿಂದ ಹದಿಮೂರರೊಳಗ ಇರಬೇಕು. ತಿಳೀತ್ರಿ?"

ತಿಳಿಯಿತು ಎಂದೆ. ತಿಳಿದಿರಲಿಲ್ಲ. ಆ ಒಂದು ಅಂಕಿಯನ್ನು ಸರಿಯಾಗಿ ಹೇಳುವುದು ಕಲಿಯಲು ನನಗೆ ಆಪರೇಷನ್ನಿಗಿಂತ ಹೆಚ್ಚು ಕಷ್ಟವಾಯಿತು. ಮೇಡಂ ಕೊಟ್ಟ ನೋಟ್‌ಬುಕ್ಕಿನಲ್ಲಿ ತಾರೀಖು, ನಿಮಿಷ, ನಾಡಿ, ಅಂಕಿ ಎಂದು ನಾಲ್ಕು ಕಾಲಂ. ಐದನೆಯದು 'ಇತರೆ'. ಬೆರಳಿನಷ್ಟು ಅಗಲದ ಆ ಕಾಲಮ್ಮಿನಲ್ಲಿ ಹಿಡಿಯದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಎದೆಯ ಮೇಲೆ ನನ್ನಂತೆಯೇ ಗೆರೆ ಇರುವ ಯಾರಾದರೂ ಓದಿದರೆ, ಇಂಥ ದಡ್ಡತನ ಮಾಡಿದವರು ತಾವೊಬ್ಬರೇ ಅಲ್ಲ ಎಂದು ಅವರಿಗೆ ಸಮಾಧಾನವಾಗಲಿ.

ನಾನು ಇಳಕಲ್ಲಿನ ನೇಕಾರಳು, ಹೆಸರು ಗೌರವ್ವ. ನಮ್ಮ ಮನೆಯಲ್ಲಿ ಎರಡು ಕುಣಿಮಗ್ಗಗಳಿವೆ. ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು, ಕಾಲಿನಿಂದ ಮಣೆ ತುಳಿಯುತ್ತ ಕೈಯಿಂದ ಲಾಳಿ ಓಡಿಸಬೇಕು. ಒಂದರಲ್ಲಿ ನಾನು, ಇನ್ನೊಂದರಲ್ಲಿ ನಮ್ಮ ಮನೆಯವರು. ಮೂವತ್ತು ವರ್ಷಕ್ಕೂ ಮಿಕ್ಕಿ ಹೀಗೆ ಬೆನ್ನಿಗೆ ಬೆನ್ನು ಮಾಡಿ ಕುಳಿತಿದ್ದೇವೆ. ಮುಖ ಕಾಣುವುದಿಲ್ಲ, ಮಗ್ಗದ ಸಪ್ಪಳ ಕೇಳುತ್ತದೆ.

ಆ ಚಳಿಗಾಲದಲ್ಲಿ ನನ್ನ ಮಗ್ಗದ ಮೇಲೆ ಹಸಿರು ಸೀರೆ ಇತ್ತು. ಬಾದಾಮಿಗೆ ಕೊಟ್ಟ ಮಗಳು ನೀಲಾ ಮೂರು ತಿಂಗಳ ಬಸುರಿ ಎಂದು ಫೋನ್ ಮಾಡಿದ ವಾರವೇ ಮಗ್ಗಕ್ಕೆ ಹಸಿರು ನೂಲಿನ ಹಾಸು ಏರಿಸಿದ್ದೆ. ಒಂಬತ್ತರಲ್ಲಿ ಕುಬಸ, ಅಂದರೆ ಸೀಮಂತ, ಮಾಡುವಾಗ ತವರಿನ ಹಸಿರು ಸೀರೆ ಉಡಿಸಬೇಕು. ನೇಕಾರರ ಮಗಳಿಗೆ ಅಂಗಡಿಯ ಸೀರೆ ಉಡಿಸಿದರೆ ಜನ ಏನಂದಾರು? ಜನರ ಮಾತು ಹೋಗಲಿ, ನನಗೇ ಮನಸ್ಸಾಗದು. ಸೆರಗು ಬಿಟ್ಟು ಉಳಿದ ಮೈ, ಅಂದರೆ ಒಡಲು, ಅರ್ಧ ನೇಯ್ದಿದ್ದೆ.

ಒಂದು ಮಧ್ಯಾಹ್ನ ಮನೆಯವರು ತಮ್ಮ ಮಗ್ಗ ನಿಲ್ಲಿಸಿದರು. "ನಿನ್ನ ಮಗ್ಗ ನಡನಡುವ ನಿಂದರತೈತಲ್ಲ. ಏನಾಗೇತಿ?"

"ನೂಲು ಹರೀತೈತ್ರಿ."

"ನೂಲು ಹರದ್ರ ನಿಂದರೂ ಸಪ್ಪಳ ನನಗ ಗೊತ್ತಿಲ್ಲೇನು? ಇದು ಅದಲ್ಲ."

ಅದು ನೂಲಾಗಿರಲಿಲ್ಲ. ಇಪ್ಪತ್ತು ಸಲ ಲಾಳಿ ಓಡಿಸಿದರೆ ಉಸಿರು ಹತ್ತುತ್ತಿತ್ತು, ಎಡಗೈ ಜೋಮು ಹಿಡಿಯುತ್ತಿತ್ತು. ಹಿಂದಿನ ಬೇಸಿಗೆಯಿಂದಲೇ ಇತ್ತು. ಸೆಕೆಗೆ ಅಂದುಕೊಂಡೆ, ಆಮೇಲೆ ಹತ್ತಿಯ ಧೂಳಿಗೆ ಅಂದುಕೊಂಡೆ, ಚಳಿ ಬಂದ ಮೇಲೆ ಚಳಿಗೆ. ಮನೆಯವರು ಅಂಗಿ ತೊಟ್ಟು ಹುನಗುಂದದ ದವಾಖಾನೆಗೆ ಕರೆದುಕೊಂಡು ಹೋದರು. ಎದೆಗೆ ವೈರು ಹಚ್ಚಿ ತೆಗೆದ ಚೀಟಿಯನ್ನು ನೋಡಿ ಡಾಕ್ಟರು, "ಎಷ್ಟು ದಿನದಿಂದ ಐತ್ರಿ ಇದು?" ಎಂದರು. ನಾನು "ಏನಿಲ್ರಿ, ಸ್ವಲ್ಪ" ಎಂದೆ. ಅವರು ನನ್ನ ಕಡೆ ನೋಡದೆ ಮನೆಯವರ ಕಡೆ ನೋಡಿ, ಇವತ್ತೇ ಬಾಗಲಕೋಟೆಗೆ ಹೋಗಿ ಎಂದರು.

ಬಾಗಲಕೋಟೆಯಲ್ಲಿ ಪರೀಕ್ಷೆ ಮಾಡಿ ಮೂರು ಕಡೆ ರಕ್ತನಾಳ ಕಟ್ಟಿದೆ ಎಂದು ತೋರಿಸಿದರು. ಕಾಯುವ ಕೋಣೆಯ ಬೆಂಚಿನ ಮೇಲೆ ನಾವಿಬ್ಬರೂ ಬಹಳ ಹೊತ್ತು ಕುಳಿತೆವು. ಮನೆಯವರು ಟವೆಲ್ಲಿನ ಅಂಚಿನಿಂದ ಒಂದು ಎಳೆ ಕಿತ್ತು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು. ಅವರು ಅಳುತ್ತಾರೇನೋ ಎಂದು ಹೆದರಿ ನಾನೇ, "ಚಹಾ ಕುಡಿಯೂಣ ನಡೀರಿ" ಎಂದೆ.

ಆಪರೇಷನ್ನಿನ ದಿನ ನರ್ಸಮ್ಮ ಬಳೆ, ತಾಳಿ, ಮೂಗುಬೊಟ್ಟು ಎಲ್ಲ ತೆಗೆಸಿ, ಕೊನೆಗೆ ಕೊರಳಿನ ಲಿಂಗದ ಕರಡಿಗೆ ಕಡೆ ಬೆರಳು ತೋರಿಸಿದರು. ನಾವು ಬಸವಣ್ಣನ ಒಕ್ಕಲು. ನೆನಪು ತಿಳಿದಾಗಿನಿಂದ ಅದು ಮೈಬಿಟ್ಟಿಲ್ಲ. ಎದೆ ಕೊಯ್ಯುತ್ತಾರೆ ಎಂದಾಗ ಅಳದವಳು ಆಗ ಅತ್ತುಬಿಟ್ಟೆ. ಮನೆಯವರು ಕೈ ಚಾಚಿ ಅದನ್ನು ತೆಗೆದುಕೊಂಡು ತಮ್ಮದರ ಜೊತೆಗೇ ಕೊರಳಿಗೆ ಹಾಕಿಕೊಂಡರು. "ನೀ ಬರೂತನಕ ಎರಡೂ ಇಲ್ಲೇ ಇರ್ತಾವು" ಎಂದರು. ಅಷ್ಟೇ ಸಾಕಾಯಿತು ನನಗೆ.

ಎಚ್ಚರಾದ ಮೇಲಿನ ದಿನಗಳನ್ನು ನೆನೆದರೆ ನೋವಿಗಿಂತ ಮೊದಲು ದಿಂಬು ನೆನಪಾಗುತ್ತದೆ. ಕೆಮ್ಮು ಬಂದರೆ ದಿಂಬನ್ನು ಎದೆಗವಚಿ ಕೆಮ್ಮಬೇಕು, ಇಲ್ಲದಿದ್ದರೆ ಎಲುಬಿನ ಹೊಲಿಗೆ ಜಗ್ಗುತ್ತದೆ. ಎಡಗಾಲಿನಲ್ಲೂ ಉದ್ದಕ್ಕೆ ಒಂದು ಗಾಯವಿತ್ತು. ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸಿದ್ದಾರೆ ಎಂದು ತಿಳಿದಾಗಿನಿಂದ ನನಗೆ ಒಂದೇ ಚಡಪಡಿಕೆ. ಹರಿದ ಎಳೆಗೆ ಎಳೆ ಹೊಸೆದು ಕೆಚ್ಚುವುದೇ ನನ್ನ ಜೀವಮಾನದ ಕೆಲಸ. ಇವರು ಹೇಗೆ ಕೆಚ್ಚಿದರು?

ಡಾಕ್ಟರು ರೌಂಡಿಗೆ ಬಂದಾಗ ಕೇಳಿಯೇಬಿಟ್ಟೆ. "ಸಾಹೇಬ್ರ, ಯಾವ ನೂಲ್ಲೇ ಹೊಲದೀರಿ?"

"ಕೂದಲಕ್ಕಿಂತ ಸಣ್ಣಂದು ಇರ್ತೈತವ್ವಾ. ನೀಲಿ ಬಣ್ಣದ್ದು."

"ನೀಲಿ? ಒಳಗ ಯಾರು ನೋಡ್ತಾರ್ರಿ ಬಣ್ಣಾನ?"

"ರಕ್ತದಾಗ ನಮಗ ಕಾಣಬೇಕಲ್ಲ!"

ಜೊತೆಗಿದ್ದ ನರ್ಸುಗಳೆಲ್ಲ ನಕ್ಕರು. ನಾನು ನಗಲು ಹೋಗಿ, ದಿಂಬು ಹುಡುಕಿದೆ. ನನ್ನೊಳಗೆ ನೀಲಿ ನೂಲಿದೆ ಎಂಬುದನ್ನು ಇವತ್ತಿಗೂ ಆಗಾಗ ನೆನೆಸಿಕೊಂಡು ಬೆರಗಾಗುತ್ತೇನೆ.

ಬಿಡುಗಡೆಯ ದಿನ ಡಾಕ್ಟರು ಹೇಳಿದ್ದು ಇಷ್ಟು: ಮೂರು ತಿಂಗಳು ಏನನ್ನೂ ಎತ್ತಬಾರದು, ಎಳೆಯಬಾರದು, ಕೈಯೂರಿ ಏಳಬಾರದು. ದಿನಾ ನಡೆಯಬೇಕು. ಆರು ವಾರದ ಮೇಲೆ ವ್ಯಾಯಾಮದ ಕೋಣೆಗೆ ಬರಬೇಕು. "ಮಗ್ಗಕ್ಕ ಯಾವಾಗ ಕುಂದ್ರಲಿ?" ಎಂದಿದ್ದಕ್ಕೆ, "ಅದನ್ನ ನಿನ್ನ ಎದಿ ಹೇಳಬೇಕು, ಈಗ ನಾ ಹೆಂಗ ಹೇಳಲಿ?" ಎಂದರು. ಬೆರಳು ಮಡಚಿ ಲೆಕ್ಕ ಹಾಕಿದೆ. ನೀಲಾಗೆ ಆಗ ನಾಲ್ಕರಲ್ಲಿ ನಡೆಯುತ್ತಿತ್ತು. ಮೂರು ತಿಂಗಳು ಕಳೆದರೂ ಕುಬಸದೊಳಗೆ ಅರ್ಧ ಸೀರೆ ನೇಯಲು ದಿನಗಳು ಉಳಿಯುತ್ತವೆ.

ನಮ್ಮವರು ನೇಯ್ದು ಮುಗಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಬ್ಬರು ಹಿಡಿದ ಸೀರೆಗೆ ಇನ್ನೊಬ್ಬರು ಕೈ ಹಾಕುವುದಿಲ್ಲ ನಮ್ಮಲ್ಲಿ. ಹೊಕ್ಕಿನ ಅಡ್ಡ ಎಳೆಯನ್ನು ಬಡಿದು ಕೂರಿಸುವ ಬಿರುಸು ಒಬ್ಬೊಬ್ಬರದು ಒಂದೊಂದು. ಕೈ ಬದಲಾದಲ್ಲಿ ಬಟ್ಟೆಯ ಮೇಲೆ ಅಡ್ಡಕ್ಕೆ ಗೆರೆ ಬೀಳುತ್ತದೆ. ಬೆಳಕಿಗೆ ಹಿಡಿದರೆ ಕಾಣುತ್ತದೆ, ಬೆರಳು ಆಡಿಸಿದರೆ ತಿಳಿಯುತ್ತದೆ. ಗೆರೆ ಬಿದ್ದ ಸೀರೆ ನೇಕಾರನಿಗೆ ಅವಮಾನ. ಹಾಗಾಗಿ ಮನೆಯವರು ನನ್ನ ಮಗ್ಗದ ಮೇಲೆ ಹಳೆಯ ಧೋತರ ಹೊದಿಸಿ, ಹಾಗೆಯೇ ಬಿಟ್ಟಿದ್ದರು.

ಓಣಿಯವರಿಗೆ ನಾನು ನಡೆಯುವುದೇ ಸೋಜಿಗ. "ಎದಿ ಕೊಯ್ಸಿಕೊಂಡಾಕಿ ಹಿಂಗ ತಿರಗ್ಯಾಡ್ತಾಳ, ಮನ್ಯಾಗ ಹೇಳವರು ಕೇಳವರು ಇಲ್ಲೇನು?" ಎಂದು ನನಗೆ ಕೇಳುವಂತೆಯೇ ಹೇಳುತ್ತಿದ್ದರು. ಮಾತಾಡಿಸಲು ಬಂದವರೆಲ್ಲ ಬಾಳೆಹಣ್ಣು ಕೊಟ್ಟು, ಮಲಗು ಮಲಗು ಎನ್ನುತ್ತಿದ್ದರು. ನಾನು ತಲೆಯಾಡಿಸಿ, ಅವರನ್ನು ಬೀಳ್ಕೊಡುವ ನೆಪದಲ್ಲಿ ಓಣಿಯ ತುದಿಯವರೆಗೆ ನಡೆದು ಬರುತ್ತಿದ್ದೆ. ಬಂದವರು ಹೆಚ್ಚಾದಷ್ಟೂ ನನ್ನ ನಡಿಗೆ ಹೆಚ್ಚಾಗುತ್ತಿತ್ತು.

ಆರು ವಾರದ ಮೇಲೆ ವಾರಕ್ಕೆ ಎರಡು ಸಲ ಬಸ್ಸು ಹಿಡಿದು ನವನಗರಕ್ಕೆ ಹೋಗತೊಡಗಿದೆವು. ಅಲ್ಲೇ ನನಗೆ ಯಮನಪ್ಪಣ್ಣ ಸಿಕ್ಕಿದ್ದು. ಹುನಗುಂದದ ಕಡೆಯ ಕುರಿಗಾರರು, ಅರವತ್ತೈದರ ಮೇಲಿನ ವಯಸ್ಸು, ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಶಿನ, ಹೆಗಲ ಮೇಲೆ ಕಂಬಳಿ. ಕಂಬಳಿ ತೆಗೆದಿಟ್ಟು ಟ್ರೆಡ್‌ಮಿಲ್ ಹತ್ತಿ ಎಂದರೆ ಅವರಿಗೆ ಸಿಟ್ಟು. "ಬೀರಪ್ಪನ ಕಂಬಳಿ ಬಿಟ್ಟು ಯಾವ ಗುಡ್ಡಾನೂ ಹತ್ತಿಲ್ಲ ನಾ, ಈ ರಬ್ಬರಿನ ಮ್ಯಾಲೆ ಹತ್ತಲೇನು?" ಕೊನೆಗೆ ಕಂಬಳಿಯನ್ನು ಟ್ರೆಡ್‌ಮಿಲ್ಲಿನ ಹಿಡಿಕೆಗೇ ಹಾಕಿ ನಡೆದರು.

"ಎಷ್ಟು?" ಎಂದು ಮೇಡಂ ಕೇಳಿದರೆ ಯಮನಪ್ಪಣ್ಣ, "ಆರಂತ ಬರಕೋರಿ. ಇದೂ ಒಂದು ನಡಿಗೇನು?" ಎನ್ನುತ್ತಿದ್ದರು.

ನಾನು ಅವರಷ್ಟು ಒರಟಲ್ಲ. "ಎಂಟು" ಎನ್ನುತ್ತಿದ್ದೆ. ಮೊದಲ ದಿನ ಎಂಟು, ಎರಡನೆಯ ದಿನ ಎಂಟು, ಮೂರನೆಯ ವಾರವೂ ಎಂಟು. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಿಯೇ ಇರಲಿಲ್ಲ. ದಣಿವು ಎಂದರೆ ನನ್ನ ಲೆಕ್ಕದಲ್ಲಿ ದಿನವಿಡೀ ನೇಯ್ದು, ಕುಣಿಯಿಂದ ಎದ್ದು, ರೊಟ್ಟಿ ಬಡಿದು, ಅದಾದ ಮೇಲೆ ಏನಾದರೂ ಉಳಿದರೆ ಅದು. ಕೈಬೀಸಿಕೊಂಡು ಕಾಲು ಗಂಟೆ ನಡೆದು ದಣಿದೆ ಎನ್ನಲು ನಾಚಿಕೆ. ನಡೆಯುವುದು ಕೆಲಸವೇ? ಕೆಲಸವೇ ಅಲ್ಲದ್ದಕ್ಕೆ ದಣಿವೆಲ್ಲಿಂದ ಬಂತು?

ಜೊತೆಗೆ ಇನ್ನೊಂದು ಆಸೆ. ಎಂಟು ಎಂದರೆ ಮೇಡಂ ವೇಗ ಹೆಚ್ಚಿಸುತ್ತಾರೆ, ವೇಗ ಹೆಚ್ಚಿದರೆ ಬೇಗ ಗುಣವಾಗುತ್ತೇನೆ, ಬೇಗ ಗುಣವಾದರೆ ಮಗ್ಗ. ಈ ಸರಪಳಿಯನ್ನು ನಾನೇ ಹೆಣೆದು ನಾನೇ ನಂಬಿದ್ದೆ.

ನಾಲ್ಕನೆಯ ವಾರ ಒಂದು ಮಂಗಳವಾರ ಮೇಡಂ ವೇಗ ಏರಿಸಿ, "ಎಷ್ಟು?" ಎಂದರು. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. "ಎಂಟು" ಎಂದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಏರಿಸಿದರು. "ಈಗ?" "ಎಂಟ್ರಿ." ಎದುರಿನ ಗೋಡೆಯ ಪಟ್ಟಿಯಲ್ಲಿ ಅಂಕಿಗಳು ಕಲಸಿಕೊಂಡವು. ಯಮನಪ್ಪಣ್ಣ "ಏ ತಂಗೆವ್ವಾ!" ಎಂದು ಕೂಗಿದ್ದು ಕೇಳಿತು. ಮೇಡಂ ಕೆಂಪು ಗುಂಡಿ ಒತ್ತಿ ನನ್ನನ್ನು ತಬ್ಬಿ ಹಿಡಿದಿದ್ದು ಆಮೇಲೆ ಗೊತ್ತಾಯಿತು.

ಕಣ್ಣು ಬಿಟ್ಟಾಗ ಮಂಚದ ಮೇಲಿದ್ದೆ, ಕಾಲು ಎತ್ತರಕ್ಕೆ ಇಟ್ಟಿದ್ದರು. ಬಿ.ಪಿ. ಇಳಿದಿತ್ತು. ಡಾಕ್ಟರು ಬಂದು ಎಲ್ಲ ನೋಡಿ, ದೊಡ್ಡದೇನೂ ಆಗಿಲ್ಲ, ಎರಡು ವಾರ ಮೊದಲಿನ ಅರ್ಧ ವೇಗ ಮಾತ್ರ ಎಂದು ಬರೆದು ಹೋದರು. ನನಗೆ ಆ ಎರಡು ವಾರ ಮಾತ್ರ ಕೇಳಿಸಿತು. ಸೀರೆಯ ದಿನಗಳಿಂದ ಎರಡು ವಾರ ಹೋಯಿತು.

ನಾಜಿಯಾ ಮೇಡಂ ಕುರ್ಚಿ ಎಳೆದು ಪಕ್ಕದಲ್ಲಿ ಕುಳಿತರು. "ಅವ್ವಾರ, ನಿಮಗ ಕೊಟ್ಟ ಗುಳಿಗಿ ನಾಡೀನ ಏರಾಕ ಬಿಡೂದಿಲ್ಲ. ನೀವು ಎಷ್ಟ ದಣದ್ರೂ ಯಂತ್ರದಾಗ ನಾಡಿ ಕಡಿಮೀನ ತೋರಸ್ತೈತಿ. ನಿಮ್ಮ ಬಾಯಿ ಬಿಟ್ರ ನನಗ ಬ್ಯಾರೆ ದಾರಿ ಇಲ್ಲ. ನಿಮ್ಮ ಮಾತಿನ ಮ್ಯಾಲೆ ನಾ ಇದನ್ನ ಓಡಸ್ತೇನ್ರಿ. ಇವತ್ತ ಏನಾರ ಆಗಿದ್ರ?"

ಮಗಳ ವಯಸ್ಸಿನ ಹುಡುಗಿಯನ್ನು ನಾನು ಹೀಗೆ ಹೆದರಿಸಿದೆನಲ್ಲ ಎಂದು ನಾಚಿಕೆಯಾಯಿತು. "ತಪ್ಪಾತ್ರಿ. ಆದ್ರ ಖರೆ ಹೇಳ್ತೇನಿ, ನನಗ ನನ್ನ ಅಂಕಿ ಗೊತ್ತಾಗೂದಿಲ್ಲ" ಎಂದೆ.

ಮೇಡಂ ನನ್ನ ನೋಟ್‌ಬುಕ್ ಮುಚ್ಚಿಟ್ಟರು. "ಅಂಕಿ ಬಿಡ್ರಿ. ಮಗ್ಗದ ಮ್ಯಾಲೆ ದಣದ್ರ ಮೊದಲ ಏನಾಗ್ತೈತಿ? ಅದನ್ನ ಹೇಳ್ರಿ."

ಇಂಥ ಪ್ರಶ್ನೆಯನ್ನು ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲ. ಮಲಗಿದಲ್ಲೇ ಕಣ್ಣು ಮುಚ್ಚಿ ಮನಸ್ಸಿನಲ್ಲಿ ಮಗ್ಗಕ್ಕೆ ಇಳಿದೆ. ಹೇಳುತ್ತ ಹೋದಂತೆ ನನಗೇ ಹೊಸದೊಂದು ತಿಳಿಯತೊಡಗಿತು. ನನ್ನ ದಣಿವು ಮೊದಲು ಮೈಯಲ್ಲಿ ಅಲ್ಲ, ಬಟ್ಟೆಯಲ್ಲಿ ಕಾಣುತ್ತದೆ. ಚಹಾ ಕುಡಿದು ಗೋಡೆಗೆ ಒರಗಿದಾಗ ಆರು. ಕಂಡಿಕೆಗೆ ನೂಲು ಸುತ್ತುವಾಗ ಒಂಬತ್ತು. ಬೆಳಗಿನ ನೇಯ್ಗೆ ಹನ್ನೊಂದು, ಬಾಯಲ್ಲಿ ತಾನಾಗಿ ಹಾಡು ಬರುತ್ತದೆ. ಹಾಡು ನಿಂತರೆ ಹದಿಮೂರು. ಸೀರೆಯ ಅಂಚಿನ ದಡಿ ಒಳಕ್ಕೆ ಸರಿಯತೊಡಗಿದರೆ ಹದಿನೈದು. ನಮ್ಮ ಮನೆಯವರು ತಮ್ಮ ಮಗ್ಗ ನಿಲ್ಲಿಸಿ ಕಿವಿಗೊಟ್ಟರೆ ಹದಿನೇಳು.

"ಹಂಗಾರ ಇವತ್ತ ಬೀಳೂ ಮೊದಲ ಎಷ್ಟಿತ್ತು?"

"ಹದಿನೆಂಟ್ರಿ."

ಮೇಡಂ ಎದ್ದು, ಪೆನ್ನು ತೆಗೆದು, ನಾನು ಹೇಳಿದ್ದನ್ನೆಲ್ಲ ಗೋಡೆಯ ಪಟ್ಟಿಯಲ್ಲಿ ಅಂಕಿಗಳ ಪಕ್ಕಕ್ಕೆ ಬರೆದರು. ಯಮನಪ್ಪಣ್ಣ ಕಂಬಳಿ ಸರಿಮಾಡಿಕೊಂಡು ಹತ್ತಿರ ಬಂದರು. "ನಂದೂ ಬರೀರಿ ಹಂಗಾರ. ಕುರಿ ಮೇಯೂ ಹೊತ್ತಿನಾಗ ಕೋಲಿಗೆ ಆತು ನಿಂತ್ರ ಏಳು. ಹಿಂಡಿನ ಹಿಂದ ಹೊಂಟ್ರ ಹನ್ನೊಂದು. ಮರಿ ಬಗಲಾಗ ಹಿಡಕೊಂಡು ಒಡ್ಡು ಹತ್ತಿದ್ರ ಹದಿನಾರು." ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಈ ರಬ್ಬರ್ ಹದಿನಾಕು ಐತ್ರಿ. ಮೊದಲಿಂದನೂ" ಎಂದರು.

ಮುಂದಿನ ವಾರಗಳಲ್ಲಿ ಪಟ್ಟಿಯ ಪಕ್ಕದ ಬಿಳಿ ಗೋಡೆಯೂ ತುಂಬಿತು. ಒಬ್ಬ ಬಸ್ ಕಂಡಕ್ಟರರು ತಮ್ಮದನ್ನು ಬರೆಸಿದರು, ಮಹಾಕೂಟದಲ್ಲಿ ಹೂ ಮಾರುವ ಹೆಂಗಸೊಬ್ಬಳು ತನ್ನದನ್ನು. ಕಾಯುವಾಗ ನಾನು ಅವನ್ನೇ ಓದುತ್ತಿದ್ದೆ. ಜನ ಹೇಗೆಲ್ಲ ದಣಿಯುತ್ತಾರೆ ಎಂದು ಓದುವುದರಲ್ಲಿ ನನಗೆ ಬೇಸರವೇ ಬರಲಿಲ್ಲ.

ಮೂರು ತಿಂಗಳು ತುಂಬಿದ ಮೇಲೆ ಎಕ್ಸ್‌ರೇ ತೆಗೆದು ಎಲುಬು ಕೂಡಿದೆ ಎಂದರು. ನಾಜಿಯಾ ಮೇಡಂ ನನ್ನನ್ನು ಮಂಚದ ಅಂಚಿಗೆ ಕೂರಿಸಿ, ಕಾಲು ಇಳಿಬಿಡಿಸಿ, "ನೇಯ್ರಿ ನೋಡೂಣ" ಎಂದರು. ಮಗ್ಗವಿಲ್ಲ, ನೂಲಿಲ್ಲ, ಬರಿಗೈಯಲ್ಲಿ ಲಾಳಿ ಓಡಿಸಿದೆ, ಗಾಳಿಯಲ್ಲಿ ಮಣೆ ತುಳಿದೆ. ಯಮನಪ್ಪಣ್ಣ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ಮೇಡಂ ಮಾತ್ರ ನಗದೆ ನನ್ನ ಭುಜ, ಮೊಣಕೈ, ಉಸಿರು ನೋಡಿದರು. ಮಂಚದ ಕಾಲಿಗೆ ರಬ್ಬರಿನ ಪಟ್ಟಿ ಕಟ್ಟಿ ಎಳೆಯುವುದನ್ನು ಹತ್ತತ್ತು ಸಲ ಮಾಡಿಸಿದರು. "ಕುಣಿಯಿಂದ ಹೆಂಗ ಏಳ್ತೀರಿ?" ಎಂದು ಕೇಳಿದರು. ಎರಡೂ ಕೈ ನೆಲಕ್ಕೂರಿ ಎಂದು ತೋರಿಸಿದೆ. "ಅದು ಸದ್ಯ ಬ್ಯಾಡ. ಕಾಲಿನ ಬಲದ ಮ್ಯಾಲೆ ಏಳಬೇಕು." ಅಲ್ಲಿಂದ ಮುಂದೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಏಳುವುದು, ಕೂರುವುದು. ಮನೆಯವರು ಅದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಂದು ವಾರದ ಮೇಲೆ ನನ್ನ ಮಗ್ಗದ ಧೋತರ ಸರಿಸಿದರೆ, ಕುಣಿಯೊಳಗೆ ಇಟ್ಟಿಗೆ ಜೋಡಿಸಿ ಗಾರೆ ಮಾಡಿದ ಒಂದು ಮೆಟ್ಟಿಲು ಇತ್ತು. ಯಾವಾಗ ಮಾಡಿದರೋ, ನನಗೆ ಒಂದು ಮಾತು ಹೇಳಿರಲಿಲ್ಲ.

ದಿನಕ್ಕೆ ಹತ್ತು ನಿಮಿಷ ಎಂದು ಅಪ್ಪಣೆಯಾಯಿತು. ಮೊದಲ ದಿನ ಲಾಳಿ ಕೈಗೆ ಬಂದಾಗ ಕಣ್ಣೀರು ಬಂತು. ಹತ್ತು ಹದಿನೈದಾಯಿತು, ಹದಿನೈದು ಇಪ್ಪತ್ತಾಯಿತು. ನೋಟ್‌ಬುಕ್ಕಿನಲ್ಲಿ ಹನ್ನೊಂದು, ಹನ್ನೆರಡು, ಹದಿಮೂರು. ಹಾಡು ನಿಂತೊಡನೆ ನಾನೂ ನಿಲ್ಲುತ್ತಿದ್ದೆ. ಸೀರೆ ಬೆಳೆಯುತ್ತಿತ್ತು, ಆದರೆ ಕುಬಸದ ದಿನ ಅದಕ್ಕಿಂತ ಬೇಗ ಹತ್ತಿರ ಬರುತ್ತಿತ್ತು.

ಇನ್ನು ಐದು ದಿನ ಉಳಿದಾಗ ಒಂದು ಮೊಳದಷ್ಟು ಒಡಲು, ಆಮೇಲೆ ಇಡೀ ಸೆರಗು ಬಾಕಿ ಇತ್ತು. ಆ ದಿನ ಬೆಳಿಗ್ಗೆ ಕುಳಿತವಳು ಹಾಡು ನಿಂತ ಮೇಲೂ ನಿಲ್ಲಲಿಲ್ಲ. ನೋಡುವವರು ಯಾರು? ಮೇಡಂ ನವನಗರದಲ್ಲಿ. ಗೋಡೆಯ ಪಟ್ಟಿಯೂ ಅಲ್ಲೇ. ನೋಟ್‌ಬುಕ್ಕಿನಲ್ಲಿ ಹನ್ನೆರಡು ಎಂದು ಬರೆದರೆ ಅದು ಹನ್ನೆರಡೇ. ಮಗಳಿಗೆ ಗೆರೆಯಿಲ್ಲದ ಸೀರೆ ಉಡಿಸಬೇಕು, ಆಮೇಲೆ ಎಷ್ಟು ಬೇಕಾದರೂ ಮಲಗುತ್ತೇನೆ. ಹೀಗೆ ಅಂದುಕೊಳ್ಳುತ್ತ ನೇಯ್ದೆ. ದಡಿಯ ಕಡೆ ಕಣ್ಣು ಹೋಯಿತು. ಕೂದಲೆಳೆಯಷ್ಟು ಒಳಕ್ಕೆ ಸರಿದಿತ್ತು.

ಹದಿನೈದು.

ಕೈ ಲಾಳಿಯ ಮೇಲೇ ಇತ್ತು. ಆ ಹೊತ್ತು ನನಗೆ ಆದದ್ದು ಬರೀ ಸಿಟ್ಟು. ಈ ಎದೆಯ ಮೇಲೆ, ಈ ಅಂಕಿಯ ಮೇಲೆ, ಅದನ್ನು ಓದಲು ಕಲಿಸಿದವರ ಮೇಲೆ. ಕಲಿಯದಿದ್ದರೆ ನೇಯುತ್ತಲೇ ಇರುತ್ತಿದ್ದೆ. ಕಲಿತ ಮೇಲೆ ಗೊತ್ತಿಲ್ಲದವಳಂತೆ ಇರಲು ಆಗಲಿಲ್ಲ.

"ಇಲ್ಲಿ ಬರ್ರಿ" ಎಂದೆ.

ಮನೆಯವರ ಮಗ್ಗ ನಿಂತಿತು. "ಏನಾತು?"

"ಹದಿನೈದಾತು. ನೀವು ಕುಂದರ್ರಿ."

ಅವರು ತಿರುಗಿ ನನ್ನನ್ನೂ ಸೀರೆಯನ್ನೂ ನೋಡಿದರು. "ಗೆರಿ ಬೀಳತೈತಿ."

"ಬೀಳಲಿ."

ಇಟ್ಟಿಗೆಯ ಮೆಟ್ಟಿಲ ಮೇಲೆ ಕಾಲಿಟ್ಟು ಎದ್ದೆ. ಅವರು ಇಳಿದು ಕುಳಿತರು. ಮೊದಲ ಬಡಿತಕ್ಕೇ ಗೊತ್ತಾಯಿತು, ಬೇರೆ ಕೈ. ನಾನು ಗೋಡೆಗೆ ಒರಗಿ, ನೋಟ್‌ಬುಕ್ಕಿನಲ್ಲಿ ಹದಿನೈದು ಎಂದು ಬರೆದೆ. ಎಷ್ಟೋ ಹೊತ್ತು ಅವರ ಬೆನ್ನನ್ನೇ ನೋಡುತ್ತ ಕುಳಿತೆ. ಮೂವತ್ತು ವರ್ಷ ಬೆನ್ನ ಹಿಂದಿನಿಂದ ಬರೀ ಸಪ್ಪಳ ಕೇಳಿದ್ದೆ. ಈಗ ಕುಳಿತು ನೋಡಿದರೆ, ಪ್ರತಿ ಬಡಿತಕ್ಕೂ ಅವರ ಬಲಭುಜ ಒಂದಿಷ್ಟು ತಡೆದು ಏಳುತ್ತಿತ್ತು. ನನ್ನ ಮೂರು ತಿಂಗಳ ದುಡಿಮೆಯ ಪಾಲನ್ನೂ ಅವರೇ ತಮ್ಮ ಮಗ್ಗದಲ್ಲಿ ಎಳೆದಿದ್ದರು.

"ರೀ, ನಿಮಗ ಎಷ್ಟು?"

"ಏನು ಎಷ್ಟು?"

"ಅಂಕಿ. ನಿಮಗೂ ಗೊತ್ತೈತಲ್ಲ."

ಲಾಳಿ ಎರಡು ಸಲ ಹೋಗಿ ಬಂತು. ಆಮೇಲೆ ನಿಂತಿತು. ತಿರುಗದೆಯೇ ಹೇಳಿದರು: "ಹದಿನಾರು ಇದ್ದೀತು."

"ಏಳ್ರಿ ಹಂಗಾರ. ಚಹಾ ಮಾಡ್ತೇನಿ."

ಹೀಗೆ ಐದು ದಿನ ಒಬ್ಬರ ಅಂಕಿ ಏರಿದಾಗ ಇನ್ನೊಬ್ಬರು ಕುಳಿತು ಸೀರೆ ಮುಗಿಸಿದೆವು. ಮಗ್ಗದಿಂದ ಇಳಿಸಿ ಬೆಳಕಿಗೆ ಹಿಡಿದರೆ ಒಂದಲ್ಲ, ಏಳು ಗೆರೆ.

ಕುಬಸದ ದಿನ ಬಾದಾಮಿಯ ಮಗಳ ಮನೆ ತುಂಬ ಹೆಂಗಸರು. ಕೆಳಗೆ ಹೋಳಿಗೆಯ ವಾಸನೆ, ಬಳೆಗಾರತಿಯ ಮುಂದೆ ಹಸಿರು ಬಳೆಗಳ ರಾಶಿ. ಸೀರೆ ಉಡಿಸಲು ಮಹಡಿಯ ಕೋಣೆಗೆ ಹೋಗಬೇಕಿತ್ತು. ನೀಲಾ ತುಂಬಿದ ಹೊಟ್ಟೆ ಹೊತ್ತು ಮುಂದೆ, ನಾನು ಸೀರೆ ಹಿಡಿದು ಹಿಂದೆ. ಮೇಲೆ ಮುಟ್ಟಿದಾಗ ನನ್ನದು ಹನ್ನೆರಡು. ನೀಲಾ ಗೋಡೆ ಹಿಡಿದು ನಿಂತು ನಗುತ್ತಿದ್ದಳು. ಮೂಗಿನ ಮೇಲೆ ಬೆವರು.

ಫೋನಿನಲ್ಲಿ ಅವಳಿಗೆ ಅಂಕಿಗಳ ಪುರಾಣವನ್ನೆಲ್ಲ ಹೇಳಿದ್ದೆ. "ಎಷ್ಟು?" ಎಂದು ಕೇಳಿದೆ.

"ಎಂಟವ್ವ."

ಆ ಎಂಟು ನನಗೆ ಚೆನ್ನಾಗಿ ಗೊತ್ತಿತ್ತು. ಅದೇ ದನಿ, ಅದೇ ನಗು. ಯಾರೂ ಕಲಿಸದೆ ನನ್ನಿಂದಲೇ ಕಲಿತಿದ್ದಳು.

"ನೀಲಾ, ಖರೆ ಹೇಳು."

ಅವಳು ಸೀರೆಯ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. ಕೆಳಗೆ ಯಾರೋ ಆರತಿಯ ತಟ್ಟೆ ಕೇಳುತ್ತಿದ್ದರು. ನಗು ಹೋಗಿ ಕಣ್ಣು ತುಂಬಿತು. "ಹದಿನೇಳವ್ವ. ಮುಂಜಾನಿಂದ ನಿಂತೇ ಇದ್ದೇನಿ."

ಮಂಚದ ಮೇಲೆ ಕೂರಿಸಿದೆ, ನಾನೂ ಪಕ್ಕದಲ್ಲಿ ಕುಳಿತೆ. ಅವಳು ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು ಬೆರಳು ಆಡಿಸಿದಳು. ನೇಕಾರರ ಮಗಳು, ಬೆರಳು ಮೊದಲ ಗೆರೆಯ ಮೇಲೆ ತಾನಾಗಿ ನಿಂತಿತು. "ಇಲ್ಲಿಂದ ಅಪ್ಪನ ಕೈ" ಎಂದಳು. ಮುಂದೆ ಸರಿಸಿದಳು. "ಇಲ್ಲಿಂದ ಮತ್ತ ನಿಂದು."

ಕೆಳಗಿನಿಂದ ಅವಳ ಅತ್ತೆಯ ದನಿ ಬಂತು: "ಬೀಗತೇರ, ಹೊತ್ತಾತು, ಇಳಕೊಂಡ ಬರ್ರಿ!"

"ಸ್ವಲ್ಪ ತಡೀರಿ, ಕುಂತೇವಿ!" ಎಂದು ಇಲ್ಲಿಂದಲೇ ಕೂಗಿ ಹೇಳಿದೆ.